ಕ್ಯಾನ್ಸನ್ ಮಿ-ತೆಂತ್ ಕಾಗದ: ಕರಾವಳಿಯ ಮಳೆಗಾಲದಲ್ಲಿ ಸಾಫ್ಟ್ ಪೇಸ್ಟಲ್

ಸಾಫ್ಟ್ ಪೇಸ್ಟಲ್ (ಸೀಮೆಸುಣ್ಣದಂಥ ಮೆತ್ತನೆಯ ಬಣ್ಣದ ಕಡ್ಡಿ) ಬಳಸುವವರು ಕಡ್ಡಿಗಳ ಬಗ್ಗೆ ಚರ್ಚಿಸುವಷ್ಟು ಕಾಗದದ ಬಗ್ಗೆ ಚರ್ಚಿಸುವುದಿಲ್ಲ. ಉಡುಪಿಯಲ್ಲಿ ಹಲವು ವರ್ಷಗಳಿಂದ ಕ್ಯಾನ್ಸನ್ ಕಂಪನಿಯ ಮಿ-ತೆಂತ್ ಕಾಗದದ ಮೇಲೆಯೇ ಕೆಲಸ ಮಾಡುತ್ತಿರುವ ನನಗೆ, ಚಿತ್ರ ಸರಾಗವಾಗಿ ಸಾಗುವುದೂ ನಡುವೆ ತಡೆದು ನಿಲ್ಲುವುದೂ ಹೆಚ್ಚಾಗಿ ಕಾಗದದ ಮೇಲೆಯೇ ನಿಂತಿದೆ ಎನ್ನಿಸಿದೆ.

160 ಜಿಎಸ್‌ಎಂ (ಚದರ ಮೀಟರಿಗೆ 160 ಗ್ರಾಂ) ತೂಕದ ಈ ಹಾಳೆಯ ಒಂದು ಬದಿಯಲ್ಲಿ ಜೇನುಗೂಡಿನ ಕಣ್ಣುಗಳಂಥ ಉಬ್ಬುತಗ್ಗುಗಳಿದ್ದರೆ, ಇನ್ನೊಂದು ಬದಿ ನಯವಾಗಿದೆ. ಮುಖಚಿತ್ರ ಬರೆಯುವವರು ನಯವಾದ ಬದಿಯನ್ನೇ ಬಳಸುವುದು ಒಳ್ಳೆಯದು, ಇಲ್ಲವಾದರೆ ಕೆನ್ನೆಯ ತುಂಬ ಚುಕ್ಕೆಗಳೇ ಕಾಣುತ್ತವೆ. ಆದರೆ ಹಳೆಯ ಮುರಕಲ್ಲಿನ ಗೋಡೆಗೆ ಒರಟು ಬದಿಯೇ ಸರಿ. ಕಡ್ಡಿಯನ್ನು ಅಡ್ಡ ಹಿಡಿದು ಹಗುರವಾಗಿ ಒಮ್ಮೆ ಎಳೆದರೆ ಕಲ್ಲಿನ ತೂತುಗಳು ತಾವಾಗಿಯೇ ಮೂಡುತ್ತವೆ.

ಕಾಗದಕ್ಕೆ ತಿರುಳಿನಲ್ಲಿಯೇ ಬಣ್ಣ ಸೇರಿಸಿರುವುದು ಇದರ ದೊಡ್ಡ ಅನುಕೂಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದರಿಂದ ಮಲ್ಪೆಯ ಬಂದರಿನಲ್ಲಿ ದೋಣಿಗಳು ಒತ್ತೊತ್ತಾಗಿ ನಿಂತಿರುತ್ತವೆ. ಅವುಗಳನ್ನು ಬರೆಯುವಾಗ ಗಾಢ ಬೂದು ಹಾಳೆಯನ್ನೇ ಆಕಾಶವೆಂದು ಹಾಗೆಯೇ ಬಿಟ್ಟು, ಮೊದಲು ಗಾಢ ವರ್ಣಗಳನ್ನು ತುಂಬಿ, ಒದ್ದೆಯಾದ ಮರದ ಹೊಳಪನ್ನು ಕೊನೆಯಲ್ಲಿ ಎರಡು ಮೂರು ತಿಳಿ ಗೆರೆಗಳಲ್ಲಿ ತರಬಹುದು. ಹೀಗೆ ಅರ್ಧ ಕೆಲಸವನ್ನು ಕಾಗದವೇ ಮಾಡಿಕೊಡುವುದರಿಂದ ಕೈ ಎಲ್ಲಿಯೂ ತಡವರಿಸುವುದಿಲ್ಲ.

ಇದಕ್ಕೆ ಮಿತಿಯೂ ಇದೆ. ನಾಲ್ಕೈದು ಪದರಗಳಾದ ಮೇಲೆ ಕಾಗದದ ಹಿಡಿತ ಮುಗಿದು ಕಡ್ಡಿ ಜಾರತೊಡಗುತ್ತದೆ. ಪದರದ ಮೇಲೆ ಪದರ ಕಟ್ಟುವವರಿಗೆ ಮರಳುಲೇಪಿತ ಕಾಗದವೇ ಮೇಲು. ಪುಡಿ ಉದುರದಂತೆ ಹಿಡಿದಿಡುವ ಫಿಕ್ಸೆಟಿವ್ ದ್ರವವನ್ನು ಸಿಂಪಡಿಸಿದರೆ ಹಿಡಿತ ಸ್ವಲ್ಪ ಮರಳುತ್ತದಾದರೂ ತಿಳಿ ಬಣ್ಣಗಳು ಮಂಕಾಗುತ್ತವೆ. ಆದ್ದರಿಂದ ಅದನ್ನು ಕೆಳಪದರಗಳಿಗೆ ಮಾತ್ರ ಬಳಸಿ, ಕೊನೆಯ ಪದರವನ್ನು ಹಾಗೆಯೇ ಬಿಡುತ್ತೇನೆ.

ನಮ್ಮ ಊರಿನ ತೇವಾಂಶಕ್ಕೆ ಈ ಹಾಳೆ ಬೇಗನೆ ಅಲೆಯಲೆಯಾಗಿ ಉಬ್ಬುತ್ತದೆ. ನಾಲ್ಕೂ ಅಂಚುಗಳಿಗೆ ಟೇಪು ಹಾಕಿ ಹಲಗೆಗೆ ಬಿಗಿಯದೆ ಮಳೆಗಾಲದಲ್ಲಿ ಕೆಲಸ ಸಾಗದು. ಧೂಳು ಉಸಿರಿಗೆ ಸೇರುತ್ತದೆಂದು ಫ್ಯಾನು ಆರಿಸಿಯೇ ಕೂರಬೇಕು (ಮೇ ತಿಂಗಳಲ್ಲಿ ಇದು ಒಂದು ಬಗೆಯ ತಪಸ್ಸೇ ಸರಿ). ಉದುರಿದ ಪುಡಿಯನ್ನು ಊದದೆ, ಹಲಗೆಯನ್ನು ಬಗ್ಗಿಸಿ ಹಿಂದಿನಿಂದ ತಟ್ಟಿ ಬೀಳಿಸಬೇಕು. ಮಸಿಯಾದ ಕಡ್ಡಿಗಳನ್ನು ಅಕ್ಕಿ ತುಂಬಿದ ಡಬ್ಬಿಯಲ್ಲಿ ಮೆಲ್ಲನೆ ಕುಲುಕಿದರೆ ಅವು ತಮ್ಮ ಬಣ್ಣಕ್ಕೆ ಮರಳುತ್ತವೆ. ನಮ್ಮ ಮನೆಯಲ್ಲಿ ಈ ಕೆಲಸಕ್ಕೆ ಕುಚ್ಚಲಕ್ಕಿಯೇ. ಮುಗಿದ ಚಿತ್ರಗಳನ್ನು ಬಟರ್ ಪೇಪರ್ ಹಾಕಿ ಮಲಗಿಸಿಡುತ್ತೇನೆ. ಫ್ರೇಮು ಕಟ್ಟಿಸುವಾಗ ಗಾಜು ಚಿತ್ರಕ್ಕೆ ತಾಗದಂತೆ ಸುತ್ತಲೂ ರಟ್ಟಿನ ಚೌಕಟ್ಟು (ಮೌಂಟ್) ಹಾಕಿಸುವುದು ಕಡ್ಡಾಯ.

ಪ್ಯಾಡಿನಲ್ಲಿ ನನಗೆ ಬೇಡದ ಬಣ್ಣಗಳೂ ಬರುವುದರಿಂದ, ಈಗ 50×65 ಸೆಂ.ಮೀ. ಅಳತೆಯ ಬಿಡಿ ಹಾಳೆಗಳನ್ನೇ ತರಿಸಿ, ನಾಲ್ಕು ತುಂಡು ಮಾಡಿಕೊಳ್ಳುತ್ತಿದ್ದೇನೆ.