ಜಿಯೋಜೀಬ್ರಾ: ಹತ್ತನೇ ತರಗತಿಯ ರೇಖಾಗಣಿತಕ್ಕೆ ಎಷ್ಟರ ಮಟ್ಟಿಗೆ ಆಗಿಬರುತ್ತದೆ?

ಕೇಂದ್ರ ಓ, ತ್ರಿಜ್ಯ 6 ಸೆಂ.ಮೀ. ಇರುವ ಒಂದು ವೃತ್ತ. ಕೇಂದ್ರದಿಂದ 10 ಸೆಂ.ಮೀ. ದೂರದಲ್ಲಿ ಪಿ ಎಂಬ ಬಿಂದು. ಪಿಯಿಂದ ವೃತ್ತಕ್ಕೆ ಸ್ಪರ್ಶಕಗಳನ್ನು ಎಳೆದು ಉದ್ದ ಕಂಡುಹಿಡಿಯಿರಿ. ಹತ್ತನೇ ತರಗತಿಯವರಿಗೆ ಕಣ್ಣುಮುಚ್ಚಿ ಹೇಳುವಷ್ಟು ಪರಿಚಯವಿರುವ ಲೆಕ್ಕ ಇದು. ರೇಖಾಗಣಿತದ ಚಿತ್ರಗಳನ್ನು ಪರದೆಯ ಮೇಲೆ ರಚಿಸಿ ಅಳೆಯುವ ಜಿಯೋಜೀಬ್ರಾ ಎಂಥ ತಂತ್ರಾಂಶ ಎಂದು ತಿಳಿಯುವುದಕ್ಕೂ ಇದೇ ಸಾಕು.

ಟೂಲುಗಳ ಪಟ್ಟಿಯಲ್ಲಿ ಟ್ಯಾಂಜೆಂಟ್ಸ್ ಎಂಬುದಿದೆ. ಅದನ್ನು ಆರಿಸಿ ಪಿ ಮೇಲೊಮ್ಮೆ, ವೃತ್ತದ ಮೇಲೊಮ್ಮೆ ಒತ್ತಿದರೆ ಎರಡೂ ಸ್ಪರ್ಶಕಗಳು ಸಿದ್ಧ. ಉದ್ದ ಅಳೆದರೆ 8 ಎಂದು ತೋರಿಸುತ್ತದೆ. ಉತ್ತರ ಸರಿ, ಆದರೆ ಕಲಿತದ್ದು ಸೊನ್ನೆ. ಮಕ್ಕಳ ಕೈಗೆ ಜಿಯೋಜೀಬ್ರಾ ಕೊಡುವವರು ಮೊದಲ ತಿಂಗಳು ಈ ಟೂಲನ್ನು ಮುಟ್ಟಗೊಡಬಾರದು.

ಕೈವಾರದಲ್ಲಿ ಮಾಡುವ ಹಾಗೆಯೇ ಇಲ್ಲೂ ಮಾಡಿಸಿ. ಸೆಗ್ಮೆಂಟ್ ವಿತ್ ಗಿವನ್ ಲೆಂತ್ ಟೂಲಿನಿಂದ 10 ಉದ್ದದ ಓಪಿ ರೇಖಾಖಂಡ. ಸರ್ಕಲ್ ಸೆಂಟರ್ ಅಂಡ್ ರೇಡಿಯಸ್‌ನಿಂದ ಓ ಕೇಂದ್ರವಾಗಿ 6 ತ್ರಿಜ್ಯದ ವೃತ್ತ. ಓಪಿಯ ಮಧ್ಯಬಿಂದು ಎಂ. ಎಂ ಕೇಂದ್ರವಾಗಿ ಓ ಮೂಲಕ ಹಾಯುವ ಇನ್ನೊಂದು ವೃತ್ತ. ಎರಡು ವೃತ್ತಗಳು ಕತ್ತರಿಸುವ ಕಡೆ ಇಂಟರ್‌ಸೆಕ್ಟ್ ಟೂಲಿನಿಂದ ಟಿ ಮತ್ತು ಎಸ್. ಪಿಟಿ, ಪಿಎಸ್ ಸೇರಿಸಿದರೆ ಮುಗಿಯಿತು. ಓಪಿ ಎರಡನೇ ವೃತ್ತದ ವ್ಯಾಸ. ಅರ್ಧವೃತ್ತದಲ್ಲಿನ ಕೋನ ಲಂಬಕೋನ. ಹಾಗಾಗಿ ಓಟಿ ತ್ರಿಜ್ಯಕ್ಕೆ ಪಿಟಿ ಲಂಬ, ಅಂದರೆ ಪಿಟಿ ಸ್ಪರ್ಶಕ. 100ರಲ್ಲಿ 36 ಕಳೆದರೆ 64, ವರ್ಗಮೂಲ 8.

ಇಲ್ಲಿಯವರೆಗೆ ಕಾಗದಕ್ಕೂ ಪರದೆಗೂ ಹೆಚ್ಚಿನ ವ್ಯತ್ಯಾಸವಿಲ್ಲ. ವ್ಯತ್ಯಾಸ ಶುರುವಾಗುವುದು ಪಿಯನ್ನು ಎಳೆದಾಡಿದಾಗ. ಅದಕ್ಕೆ ಓಪಿಯನ್ನು 10 ಎಂದು ಕಟ್ಟಿಹಾಕದೆ, ಪಿಯನ್ನು ಬಿಡಿ ಬಿಂದುವಾಗಿ ಇಟ್ಟು ಮತ್ತೊಮ್ಮೆ ರಚಿಸಬೇಕು. ಪಿಯನ್ನು ವೃತ್ತದ ಹತ್ತಿರ ತಂದಂತೆ ಸ್ಪರ್ಶಕಗಳು ಗಿಡ್ಡವಾಗುತ್ತವೆ, ಅವುಗಳ ನಡುವಿನ ಕೋನ ಅಗಲವಾಗುತ್ತದೆ. ಪಿ ವೃತ್ತದ ಮೇಲೆ ಬಂದಾಗ ಟಿ, ಎಸ್, ಪಿ ಮೂರೂ ಒಂದೇ. ಒಳಗೆ ಹೋದೊಡನೆ ಸ್ಪರ್ಶಕಗಳು ಮಾಯ. ‘ವೃತ್ತದ ಒಳಗಿನ ಬಿಂದುವಿನಿಂದ ಸ್ಪರ್ಶಕ ಎಳೆಯಲು ಸಾಧ್ಯವಿಲ್ಲ’ ಎಂಬ ಬಾಯಿಪಾಠದ ವಾಕ್ಯ ಆಗ ಕಣ್ಣೆದುರು ನಡೆಯುತ್ತದೆ. ಈ ತಂತ್ರಾಂಶದ ಬೆಲೆ ಇರುವುದೇ ಇಲ್ಲಿ.

ಮಕ್ಕಳು ಅತಿ ಹೆಚ್ಚು ತಪ್ಪುವುದೂ ಇದೇ ಜಾಗದಲ್ಲಿ. ಇಂಟರ್‌ಸೆಕ್ಟ್ ಬಳಸದೆ, ವೃತ್ತಗಳು ಕೂಡುವ ಕಡೆ ಕಣ್ಣಂದಾಜಿನಲ್ಲಿ ಒಂದು ಬಿಂದು ಇಟ್ಟುಬಿಡುತ್ತಾರೆ. ಚಿತ್ರ ಚೆನ್ನಾಗಿಯೇ ಕಾಣುತ್ತದೆ, ಪಿಯನ್ನು ಎಳೆದಾಗ ಮಾತ್ರ ಆ ಬಿಂದು ಇದ್ದಲ್ಲೇ ಉಳಿದು ರಚನೆ ಮುರಿದುಬೀಳುತ್ತದೆ. ಕ್ಲಾಸಿಕ್ ಆವೃತ್ತಿಯಲ್ಲಿ ಬಣ್ಣ ನೋಡಿದರೇ ತಿಳಿಯುತ್ತದೆ: ಬಿಡಿ ಬಿಂದು ನೀಲಿ, ರೇಖೆಗೋ ವೃತ್ತಕ್ಕೋ ಅಂಟಿಕೊಂಡು ಅದರ ಮೇಲೆ ಜಾರುವ ಬಿಂದು ತಿಳಿನೀಲಿ, ಬೇರೆಯವುಗಳಿಂದ ಹುಟ್ಟಿದ ಬಿಂದು ಕಪ್ಪು. ಟಿ ಕಪ್ಪಗಿಲ್ಲದಿದ್ದರೆ ರಚನೆ ತಪ್ಪಿದೆ ಎಂದೇ ಅರ್ಥ. ಎಳೆದಾಡಿದರೂ ಕೆಡದ ಚಿತ್ರವೇ ರಚನೆ, ಉಳಿದದ್ದು ಬರೀ ಚಿತ್ರ.

ಜಿಯೋಜೀಬ್ರಾವನ್ನು 2001ರ ಸುಮಾರಿಗೆ ಆಸ್ಟ್ರಿಯಾದ ಸಾಲ್ಜ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಮಾರ್ಕುಸ್ ಹೋಹೆನ್‌ವಾರ್ಟರ್ ಆರಂಭಿಸಿದರು. ಜಿಯಾಮಿಟ್ರಿ, ಆಲ್ಜೀಬ್ರಾ ಎರಡೂ ಸೇರಿ ಹೆಸರಾಯಿತು. 2021ರಲ್ಲಿ ಬೆಂಗಳೂರಿನ ಬೈಜೂಸ್ ಅದನ್ನು ಕೊಂಡಿತು. ಲಾಭದ ಉದ್ದೇಶವಿಲ್ಲದ ಬಳಕೆಗೆ ಉಚಿತ. ಕರ್ನಾಟಕದ ಸರ್ಕಾರಿ ಪ್ರೌಢಶಾಲೆಗಳ ಗಣಿತ ಶಿಕ್ಷಕರಲ್ಲಿ ಅನೇಕರಿಗೆ ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳಿಂದ ಇದು ಪರಿಚಿತ. ಕೊಯರ್ ಎಂದು ಕರೆಯುವ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ತಾಣದಲ್ಲಿ ಕನ್ನಡ ವಿವರಣೆಯೊಂದಿಗೆ ಜಿಯೋಜೀಬ್ರಾ ಚಟುವಟಿಕೆಗಳೂ ಸಿಗುತ್ತವೆ. ಆವೃತ್ತಿ ಯಾವುದು ಎಂದರೆ, ಕಂಪ್ಯೂಟರ್ ಇದ್ದವರು ಕ್ಲಾಸಿಕ್ ಹಾಕಿಕೊಳ್ಳಿ. ಒಮ್ಮೆ ಇಳಿಸಿಕೊಂಡರೆ ಇಂಟರ್ನೆಟ್ ಬೇಕಿಲ್ಲ. ಮೊಬೈಲಿನಲ್ಲಿ ಜಿಯಾಮಿಟ್ರಿ ಮತ್ತು 3ಡಿ ಆ್ಯಪ್‌ಗಳು ಬೇರೆ ಬೇರೆ.

ತ್ರಿಭುಜಗಳ ಅಧ್ಯಾಯಕ್ಕೆ ಇದಕ್ಕಿಂತ ಒಳ್ಳೆಯ ಸಾಧನ ಸಿಗುವುದು ಕಷ್ಟ. ಮೂರು ಬಾಹು ಕೊಟ್ಟಾಗ ತ್ರಿಭುಜ ಯಾವಾಗ ಆಗುವುದಿಲ್ಲ ಎಂಬುದನ್ನೇ ತೆಗೆದುಕೊಳ್ಳಿ. ಪಾದದ ಉದ್ದಕ್ಕೆ 1ರಿಂದ 10ರವರೆಗಿನ ಸ್ಲೈಡರ್ (ಎಳೆದು ಬೆಲೆ ಬದಲಿಸುವ ಪಟ್ಟಿ) ಕೊಟ್ಟು, ಎರಡು ತುದಿಗಳಲ್ಲಿ 3 ಮತ್ತು 4 ತ್ರಿಜ್ಯದ ವೃತ್ತ ಎಳೆಯಿರಿ. ಪಾದ 5 ಇದ್ದಾಗ ಲಂಬಕೋನ ತ್ರಿಭುಜ. 7ಕ್ಕೆ ಬಂದಾಗ ವೃತ್ತಗಳು ಒಂದನ್ನೊಂದು ಮುಟ್ಟುತ್ತವೆ ಅಷ್ಟೆ, ತ್ರಿಭುಜ ಚಪ್ಪಟೆಯಾಗಿ ಗೆರೆಯಾಗುತ್ತದೆ. 7 ದಾಟಿದರೆ ಶೃಂಗವೇ ಇಲ್ಲ. ಸ್ಲೈಡರನ್ನು 1ರ ಕಡೆಗೆ ಎಳೆದರೂ ಅದೇ ಗತಿ. 4ರಲ್ಲಿ 3 ಹೋದರೆ 1, ಅದಕ್ಕಿಂತ ಪಾದ ದೊಡ್ಡದಿರಲೇಬೇಕು. ಈ ಎರಡನೇ ತುದಿಯನ್ನು ಕಾಗದದ ಮೇಲೆ ಯಾರೂ ಪರೀಕ್ಷಿಸುವುದಿಲ್ಲ.

ತ್ರಿಭುಜದ ಒಂದು ಬಾಹುವಿಗೆ ಸಮಾಂತರವಾದ ರೇಖೆ ಉಳಿದೆರಡು ಬಾಹುಗಳನ್ನು ಒಂದೇ ಅನುಪಾತದಲ್ಲಿ ಭಾಗಿಸುತ್ತದೆ ಎನ್ನುವ ಥೇಲ್ಸ್‌ನ ಪ್ರಮೇಯಕ್ಕೆ ಬಂದಾಗ ಒಂದು ಎಚ್ಚರ ಬೇಕು. ಎಬಿಸಿ ತ್ರಿಭುಜದ ಎಬಿ ಮೇಲೆ ಡಿ, ಎಸಿ ಮೇಲೆ ಇ, ಬಿಸಿಗೆ ಸಮಾಂತರವಾಗಿ ಡಿಇ. ಎಡಿ 2, ಡಿಬಿ 3 ಇದ್ದರೆ ಅನುಪಾತ 0.67 ಎಂದು ತೋರಿಸುತ್ತದೆ, ಎಇ ಮತ್ತು ಇಸಿಯದ್ದೂ 0.67. ಆದರೆ ಸಮಾಂತರ ರೇಖೆಯ ಟೂಲ್ ಬಳಸದೆ ಕಣ್ಣಳತೆಯಲ್ಲಿ ಡಿಇ ಎಳೆದು, ನಿಜವಾದ ಅನುಪಾತ 0.6712 ಆಗಿದ್ದರೂ ಎರಡೇ ದಶಮಾಂಶ ಸ್ಥಾನ ಇಟ್ಟುಕೊಂಡಾಗ 0.67 ಎಂದೇ ಬರುತ್ತದೆ. ತಪ್ಪು ಚಿತ್ರ ಸರಿಯೆಂದು ಪಾಸಾಗುತ್ತದೆ. ಸೆಟ್ಟಿಂಗ್ಸಿನಲ್ಲಿ ರೌಂಡಿಂಗ್ ಎಂಬಲ್ಲಿ 5 ಸ್ಥಾನಕ್ಕೆ ಇಟ್ಟುಕೊಳ್ಳುವುದು ಮೊದಲ ದಿನವೇ ಮಾಡಬೇಕಾದ ಕೆಲಸ. 90° ಎಂದು ಕಾಣುವ ಕೋನ 89.997° ಇದ್ದರೂ ಆಗ ಸಿಕ್ಕಿಬೀಳುತ್ತದೆ. ಕ್ಲಾಸಿಕ್‌ನಲ್ಲಿ ರಿಲೇಶನ್ ಎಂಬ ಟೂಲೂ ಇದೆ: ಎರಡು ರೇಖಾಖಂಡಗಳನ್ನು ಒತ್ತಿದರೆ ಅವು ಸಮವೇ, ಸಮಾಂತರವೇ, ಲಂಬವೇ ಎಂದು ಹೇಳುತ್ತದೆ. ಇಷ್ಟಾದರೂ ಅದು ಸಾಧನೆಯಲ್ಲ. ಸಾವಿರ ಸಲ ಎಳೆದಾಡಿ ಸಮ ಬಂದರೂ, ‘ದತ್ತ, ಸಾಧನೀಯ, ರಚನೆ, ಸಾಧನೆ’ ಎಂದು ಉತ್ತರಪತ್ರಿಕೆಯಲ್ಲಿ ಬರೆದಾಗಲೇ ಅಂಕ.

ಕೋನ ಅಳೆಯುವಾಗ ಹೆಚ್ಚಿನವರು ಎಡವುವುದು ದಿಕ್ಕಿನಲ್ಲಿ. ಜಿಯೋಜೀಬ್ರಾ ಕೋನವನ್ನು ಗಡಿಯಾರದ ವಿರುದ್ಧ ದಿಕ್ಕಿಗೆ ಎಣಿಸುತ್ತದೆ. ಸಮಬಾಹು ತ್ರಿಭುಜದ ಕೋನಕ್ಕೆ 60° ಬದಲು 300° ಬಂದರೆ ಬಿಂದುಗಳನ್ನು ಒತ್ತಿದ ಕ್ರಮ ತಿರುಗುಮುರುಗು ಆಗಿದೆ ಎಂದರ್ಥ. ತ್ರಿಜ್ಯಾಂತರ ಖಂಡಕ್ಕೂ ಇದೇ ನಿಯಮ. ತ್ರಿಜ್ಯ 21, ಕೋನ 60° ಇರುವ ಖಂಡದ ವಿಸ್ತೀರ್ಣ ಸುಮಾರು 231 ಬರಬೇಕು. ಎರಡು ಬಿಂದುಗಳನ್ನು ಹಿಂದುಮುಂದಾಗಿ ಒತ್ತಿದರೆ 300°ಯ ದೊಡ್ಡ ಖಂಡ ಮೂಡಿ 1154.5 ಬರುತ್ತದೆ. ಸಂಖ್ಯೆಯನ್ನು ನೋಡುವ ಮೊದಲು ಬಣ್ಣ ತುಂಬಿದ ಭಾಗವನ್ನು ನೋಡುವ ರೂಢಿ ಒಳ್ಳೆಯದು.

ಪಠ್ಯಪುಸ್ತಕದ ಉತ್ತರಕ್ಕೂ ಇದರ ಉತ್ತರಕ್ಕೂ ತಾಳೆಯಾಗದೆ ಮಕ್ಕಳು ಗಾಬರಿಪಡುವುದೂ ಇಲ್ಲೇ. ನಾವು ಪೈ ಬೆಲೆಯನ್ನು 22/7 ಎಂದು ಹಿಡಿಯುತ್ತೇವೆ, ಅದು 3.14159 ಎಂದು ಮುಂದುವರಿಸುತ್ತದೆ. ಅದಕ್ಕೇ ನಮ್ಮ 231 ಅಲ್ಲಿ 230.91. ತ್ರಿಜ್ಯ 7, ಎತ್ತರ 24 ಇರುವ ಶಂಕುವಿನ ಘನಫಲ ನಮ್ಮ ಲೆಕ್ಕದಲ್ಲಿ 1232, ಅದರ ಲೆಕ್ಕದಲ್ಲಿ 1231.5. ಪಾರ್ಶ್ವ ಮೇಲ್ಮೈ ನಮ್ಮಲ್ಲಿ 550, ಅಲ್ಲಿ 549.78. ಎರಡೂ ಸರಿ. 22/7 ಬೆಲೆ ಪೈಗಿಂತ ತುಸು ದೊಡ್ಡದು, ಅಂತರ ಎರಡೂವರೆ ಸಾವಿರದಲ್ಲಿ ಒಂದು ಪಾಲು. ಅದಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಮಾತ್ರ ಲೆಕ್ಕದಲ್ಲಿ ತಪ್ಪು ಹುಡುಕಬೇಕು.

ತ್ರಿಕೋನಮಿತಿಯಲ್ಲಿ ಉನ್ನತ ಕೋನದ ಲೆಕ್ಕಗಳಿಗೆ ಸ್ಲೈಡರ್ ಬಹಳ ಚೆನ್ನಾಗಿ ಒದಗುತ್ತದೆ. ಶ್ರವಣಬೆಳಗೊಳದ ಗೊಮ್ಮಟನ ಎತ್ತರ 57 ಅಡಿ. ಮೂರ್ತಿಯ ಪಾದದ ಮಟ್ಟದಲ್ಲೇ ನೋಟಕನ ಕಣ್ಣಿದೆ ಎಂದುಕೊಂಡು, ದೂರಕ್ಕೆ 10ರಿಂದ 120ರವರೆಗೆ ಸ್ಲೈಡರ್ ಇಡಿ. 57 ಅಡಿಯಲ್ಲಿ 45°. ದೂರ ಎರಡು ಪಟ್ಟಾಗಿ 114 ಅಡಿಯಾದರೆ ಕೋನ ಅರ್ಧವಾಗಿ 22.5° ಆಗುತ್ತದೆಂದು ಹೇಳುವವರೇ ತರಗತಿಯಲ್ಲಿ ಜಾಸ್ತಿ. ಪರದೆ 26.57° ಎನ್ನುತ್ತದೆ. ಅರ್ಧವಾಗುವುದು ಟ್ಯಾನ್ ಬೆಲೆ, ಕೋನವಲ್ಲ. 30° ಸಿಗುವುದು 57√3, ಅಂದರೆ ಸುಮಾರು 98.7 ಅಡಿಯಲ್ಲಿ. ಇನ್ನು ನೋಟಕನ ಕಣ್ಣು ನೆಲದಿಂದ 5 ಅಡಿ ಮೇಲಿದೆ ಎಂದರೆ ಅದೇ 30° ಸುಮಾರು 90 ಅಡಿಯಲ್ಲೇ ಸಿಗುತ್ತದೆ, ಏಕೆಂದರೆ ತ್ರಿಭುಜದ ಎತ್ತರ ಈಗ 52. ಕಣ್ಣಿನ ಎತ್ತರವನ್ನು ಮರೆತರೆ ಉತ್ತರ ಸುಮಾರು 9 ಅಡಿ ತಪ್ಪುತ್ತದೆ. ಕಣ್ಣಿನ ಬಿಂದುವನ್ನು 5ಕ್ಕೆ ಎತ್ತಿದಾಗ ಕೋನ ಕುಗ್ಗುವುದನ್ನು ಒಮ್ಮೆ ನೋಡಿದವರು ಮತ್ತೆ ಮರೆಯುವುದಿಲ್ಲ.

ಇಲ್ಲಿ ಎರಡು ತೊಡಕು. ಸೈನ್ 30 ಎಂದು ಟೈಪ್ ಮಾಡುವಾಗ ಡಿಗ್ರಿ ಚಿಹ್ನೆ ಬಿಟ್ಟರೆ ಕೆಲವು ಕಡೆ ತಾನೇ ಸೇರಿಸಿಕೊಳ್ಳುತ್ತದೆ, ಕೆಲವು ಕಡೆ ರೇಡಿಯನ್ ಎಂದು ತಿಳಿಯುತ್ತದೆ. 0.5ರ ಬದಲು −0.99 ಬಂದರೆ ಕಾರಣ ಅದೇ. ಚಿಹ್ನೆಯನ್ನು ಯಾವಾಗಲೂ ನಾವೇ ಹಾಕುವುದು ಕ್ಷೇಮ. ಎರಡನೆಯದು, 57 ಎತ್ತರ ಮೊದಲಿಗೆ ಪರದೆಯಲ್ಲಿ ಹಿಡಿಸುವುದಿಲ್ಲ. ಅಕ್ಷವನ್ನು ಹಿಡಿದೆಳೆದು ಹೊಂದಿಸಲು ಹೋದರೆ ಎರಡು ಅಕ್ಷಗಳ ಅಳತೆ ಬೇರೆಬೇರೆಯಾಗಿ, 45° ಎಂದು ಬರೆದಿರುವ ಕೋನ 20°ಯಂತೆ ಕಾಣುತ್ತದೆ, ವೃತ್ತ ಮೊಟ್ಟೆಯಾಗುತ್ತದೆ. ಅಕ್ಷಗಳ ಅನುಪಾತವನ್ನು 1:1 ಮಾಡಿ, ಝೂಮ್ ಮಾತ್ರ ಬಳಸಿ.

ಕ್ಷೇತ್ರಗಣಿತದ ಘನಾಕೃತಿಗಳಲ್ಲಿ ಇದರ ನೆರವು ಅರ್ಧಂಬರ್ಧ. ಜೋಡಿಸಿದ ಘನಗಳಲ್ಲಿ ಎತ್ತರ ಯಾವುದು ಎಂಬ ಗೊಂದಲವನ್ನು ಚೆನ್ನಾಗಿ ಬಿಡಿಸುತ್ತದೆ. ಒಟ್ಟು ಉದ್ದ 20 ಮಿ.ಮೀ., ವ್ಯಾಸ 7 ಮಿ.ಮೀ. ಇರುವ ಮಾತ್ರೆಯ ಕ್ಯಾಪ್ಸೂಲ್ ಕಟ್ಟಲು ಹೊರಟರೆ ಗೋಳಗಳ ಕೇಂದ್ರ ಎಲ್ಲಿಡಬೇಕೆಂದು ಕೇಳುತ್ತದೆ. ತುದಿಯಲ್ಲಿಟ್ಟರೆ ಉದ್ದ 27 ಆಗಿಬಿಡುತ್ತದೆ. ಎರಡೂ ಕಡೆ 3.5 ಒಳಕ್ಕೆ ಸರಿಸಿದಾಗ ಸಿಲಿಂಡರಿಗೆ ಉಳಿಯುವುದು 13. ಮೇಲ್ಮೈ ವಿಸ್ತೀರ್ಣ 440 ಚದರ ಮಿ.ಮೀ. ಸಿಲಿಂಡರಿನ ಎತ್ತರವನ್ನೇ 20 ಎಂದು ಹಿಡಿದವರಿಗೆ 594 ಬರುವುದು ಇದರಿಂದಲೇ. ಆದರೆ ಕೂಡಿದ ಜಾಗದಲ್ಲಿ ಮುಚ್ಚಿಹೋದ ವೃತ್ತಗಳನ್ನು ಬಿಡಬೇಕೆಂದು ತಂತ್ರಾಂಶ ಹೇಳುವುದಿಲ್ಲ, ಅದು ನಮ್ಮ ಕೆಲಸ. ಘನ, ಪಿರಮಿಡ್ಡುಗಳನ್ನು ನೆಟ್ ಟೂಲ್ ಬಿಚ್ಚಿ ಹರಡುತ್ತದೆ. ಶಂಕುವಿಗೆ ಆ ಸೌಲಭ್ಯ ಇಲ್ಲದಿರುವುದು ದೊಡ್ಡ ಕೊರತೆ. ಅದಕ್ಕೆ ಕತ್ತರಿ, ಕಾಗದವೇ ಗತಿ: 12.5 ಸೆಂ.ಮೀ. ತ್ರಿಜ್ಯ, 100.8° ಕೋನದ ಖಂಡ ಕತ್ತರಿಸಿ ಸುತ್ತಿದರೆ ಪಾದದ ತ್ರಿಜ್ಯ 3.5, ಎತ್ತರ 12 ಇರುವ ಶಂಕು ಸಿಗುತ್ತದೆ. ಓರೆ ಎತ್ತರ ಎಂದರೆ ಕಾಗದದ ತ್ರಿಜ್ಯವೇ ಎಂಬುದು ಕೈಗೆ ತಿಳಿಯುತ್ತದೆ.

ಮೊಬೈಲಿನಲ್ಲಿ ಬೆರಳು ತಾಗಿದಲ್ಲೆಲ್ಲ ಹೊಸ ಬಿಂದು ಹುಟ್ಟಿಕೊಳ್ಳುತ್ತದೆ. ಪ್ರತಿ ಹೆಜ್ಜೆಯಾದ ಮೇಲೆ ಮೂವ್ ಟೂಲಿಗೆ ಮರಳುವುದು, ಬೇಡದ ಬಿಂದು ಬಂದೊಡನೆ ಅನ್‌ಡೂ ಒತ್ತುವುದು, ಇವೆರಡನ್ನೂ ರೂಢಿಸಿಕೊಳ್ಳಿ. ಕಂಪ್ಯೂಟರಿನ ಕ್ಲಾಸಿಕ್‌ನಲ್ಲಿ ಕನ್‌ಸ್ಟ್ರಕ್ಷನ್ ಪ್ರೋಟೋಕಾಲ್ ಎಂಬ ಕಿಟಕಿ ತೆರೆದರೆ ರಚನೆಯ ಹೆಜ್ಜೆಗಳೆಲ್ಲ ಕ್ರಮವಾಗಿ ಸಾಲುಗಟ್ಟಿರುತ್ತವೆ, ಒಂದೊಂದಾಗಿ ಹಿಂದೆ ಮುಂದೆ ಓಡಿಸಿ ನೋಡಬಹುದು. ಮೇಲಿನ ಸ್ಪರ್ಶಕದ ಲೆಕ್ಕವನ್ನು ಹಾಗೆ ಎರಡು ಸಲ ಓಡಿಸಿ, ಪರದೆ ಆರಿಸಿ, ಅದೇ ಹೆಜ್ಜೆಗಳನ್ನು ಕೈವಾರ ಹಿಡಿದು ಬಿಳಿಹಾಳೆಯ ಮೇಲೆ ಮಾಡಿಸಿ. ಸ್ಕೇಲಿನಲ್ಲಿ ಅಳೆದ ಪಿಟಿ 7.9ರಿಂದ 8.1 ಸೆಂ.ಮೀ. ಒಳಗಿದ್ದರೆ ಕೈ ಸರಿಯಿದೆ. ಅದರಾಚೆ ಹೋದರೆ ಕೈವಾರದ ತಿರುಪು ಸಡಿಲವಾಗಿದೆಯೇ, ಪೆನ್ಸಿಲ್ ಮೊಂಡಾಗಿದೆಯೇ ನೋಡಿ.