ದಿ ರೂಮ್ಸ್, ಸೇಂಟ್ ಜಾನ್ಸ್: ಕೆನಡಾವನ್ನು ಈ ತುದಿಯಿಂದಲೂ ಒಮ್ಮೆ ನೋಡಿ

ಕೆನಡಾಕ್ಕೆ ಬರುವ ನಮ್ಮವರು ಟೊರಾಂಟೊ, ನಯಾಗರ, ರಾಜಧಾನಿ ಒಟ್ಟಾವಾದ ಪಾರ್ಲಿಮೆಂಟು ನೋಡಿಕೊಂಡು ಊರಿಗೆ ವಾಪಸಾಗುತ್ತಾರೆ. ರಜೆ ಹೆಚ್ಚಿದ್ದವರು ಪಶ್ಚಿಮಕ್ಕೆ ಹೋಗಿ ಬ್ಯಾನ್ಫ್ ಬೆಟ್ಟಗಳನ್ನೂ ನೋಡುತ್ತಾರೆ. ಪೂರ್ವದ ಕೊನೆಯಲ್ಲಿರುವ ನ್ಯೂಫೌಂಡ್‌ಲ್ಯಾಂಡ್ ದ್ವೀಪ ಹೆಚ್ಚಿನವರ ಪಟ್ಟಿಗೇ ಬರುವುದಿಲ್ಲ. ನಾನಿರುವುದು ಆ ದ್ವೀಪದ ಸೇಂಟ್ ಜಾನ್ಸ್ ಪಟ್ಟಣದಲ್ಲಿ, ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ. ಮನೆಗೆ ಯಾರೇ ಬರಲಿ, ಮೊದಲು ಕರೆದುಕೊಂಡು ಹೋಗುವುದು 'ದಿ ರೂಮ್ಸ್'ಗೆ. ಮ್ಯೂಸಿಯಂ, ಕಲಾ ಗ್ಯಾಲರಿ, ಪ್ರಾಂತ್ಯದ ದಾಖಲೆ ಸಂಗ್ರಹ ಮೂರೂ ಇಲ್ಲಿ ಒಂದೇ ಸೂರಿನಡಿ ಇವೆ. ಇಲ್ಲಿಯ ಜನ ತಮ್ಮನ್ನು ಮೊದಲು ಏನೆಂದು ಕರೆದುಕೊಳ್ಳುತ್ತಾರೆ, ಆಮೇಲೆ ಏನೆಂದು ಕರೆದುಕೊಳ್ಳುತ್ತಾರೆ ಎಂದು ತಿಳಿಯಬೇಕಿದ್ದರೆ ಇದಕ್ಕಿಂತ ಒಳ್ಳೆಯ ಜಾಗ ನಾನಂತೂ ಕಂಡಿಲ್ಲ.

ಕಟ್ಟಡ ಬೊನಾವೆಂಚರ್ ಅವೆನ್ಯೂದ ಏರಿನ ಮೇಲಿದೆ, ಪಕ್ಕದಲ್ಲೇ ಹಳೆಯ ಬೆಸಿಲಿಕಾ ಚರ್ಚು. ಬಂದರಿನ ಹತ್ತಿರ ನಿಂತು ತಲೆ ಎತ್ತಿದರೆ ಎರಡೂ ಕಾಣುತ್ತವೆ. 2005ರಲ್ಲಿ ಇದು ಬಾಗಿಲು ತೆರೆದಾಗ ಊರಿನ ಜನಕ್ಕೆ ಇದರ ಆಕಾರ ಹಿಡಿಸಲಿಲ್ಲ. ಬೆಸಿಲಿಕಾವನ್ನು ತುಂಬಿಸಿ ತಂದ ಪೆಟ್ಟಿಗೆಯನ್ನು ಪಕ್ಕದಲ್ಲೇ ಬಿಟ್ಟು ಹೋದ ಹಾಗಿದೆ ಎಂದು ಆಡಿಕೊಂಡರು. ನನಗೆ ಮಾತ್ರ ಈ ಆಕಾರ ಇಷ್ಟ. ಇಲ್ಲಿಯ ಮೀನುಗಾರ ಕುಟುಂಬಗಳು ಕಾಡ್ ಮೀನು ತಂದು, ಸೀಳಿ, ಉಪ್ಪು ಹಾಕಿ ಒಣಗಿಸುತ್ತಿದ್ದ ದಡದ ಜಾಗಗಳಿಗೆ 'ಫಿಶಿಂಗ್ ರೂಮ್' ಎನ್ನುತ್ತಿದ್ದರು. ಹೆಸರು ಬಂದದ್ದು ಅಲ್ಲಿಂದ, ಇಳಿಜಾರು ಸೂರಿನ ಆಕಾರವೂ ಅಲ್ಲಿಂದಲೇ. ಯಾವ ರಾಜನ ಹೆಸರನ್ನೂ ಇಡದೆ, ದುಡಿದವರ ಶೆಡ್ಡಿನ ಹೆಸರಿಟ್ಟು ಪ್ರಾಂತ್ಯದ ಅತಿ ದೊಡ್ಡ ಮ್ಯೂಸಿಯಂ ಕಟ್ಟಿದ್ದಾರೆ.

ಒಳಗೆ ಹೋದವರು ಗಾಜಿನೊಳಗಿನ ದೈತ್ಯ ಸ್ಕ್ವಿಡ್ ಮುಂದೆ ಒಂದು ಫೋಟೋ ತೆಗೆಸಿಕೊಳ್ಳಿ. ಮಕ್ಕಳಂತೂ ಅಲ್ಲಿಂದ ಏಳುವುದಿಲ್ಲ. ಆದರೆ ಕಾಲಿನಲ್ಲಿ ಶಕ್ತಿ ಇರುವಾಗಲೇ ಬೋಮಾಂಟ್-ಹ್ಯಾಮೆಲ್ ಗ್ಯಾಲರಿಗೆ ಬನ್ನಿ. ಇಡೀ ಮ್ಯೂಸಿಯಮ್ಮಿನ ಜೀವ ಇರುವುದು ಅಲ್ಲಿ.

1916ರ ಜುಲೈ 1. ಮೊದಲ ಮಹಾಯುದ್ಧ, ಫ್ರಾನ್ಸಿನ ಸೋಮ್ ಕದನದ ಮೊದಲ ದಿನ. ನ್ಯೂಫೌಂಡ್‌ಲ್ಯಾಂಡ್ ರೆಜಿಮೆಂಟಿನ ಸುಮಾರು 800 ಜನ ಬೋಮಾಂಟ್-ಹ್ಯಾಮೆಲ್ ಎಂಬಲ್ಲಿ ಕಂದಕದಿಂದ ಮೇಲೆದ್ದು ಜರ್ಮನ್ ಮೆಷಿನ್ ಗನ್ನುಗಳ ಎದುರು ನಡೆದರು. ಅರ್ಧ ಗಂಟೆಯೊಳಗೆ ಎಲ್ಲ ಮುಗಿಯಿತು. ಮರುದಿನ ಹಾಜರಿ ಕೂಗಿದಾಗ ಓಗೊಟ್ಟವರು 68. ಗ್ಯಾಲರಿಯಲ್ಲಿ ಆ ಹುಡುಗರ ಫೋಟೋಗಳಿವೆ, ಮನೆಗೆ ಬರೆದ ಕಾಗದಗಳಿವೆ, ಜೇಬಿನಲ್ಲಿದ್ದ ಸಣ್ಣಪುಟ್ಟ ಸಾಮಾನುಗಳಿವೆ. ಊರಿಂದ ಬಂದಿದ್ದ ಅಪ್ಪ ಅಮ್ಮನ ಜೊತೆ ನಾವು ಹೋದ ದಿನ ಒಬ್ಬ ಅಜ್ಜಿ ಫೋಟೋಗಳ ಸಾಲಿನ ಮುಂದೆ ನಿಂತು ಮೊಮ್ಮಗಳಿಗೆ ಒಬ್ಬೊಬ್ಬರದೇ ಊರು ತೋರಿಸುತ್ತಿದ್ದರು: ಇವನು ನಮ್ಮ ಕೊಲ್ಲಿಯವನು, ಇವನು ಆಚೆ ದಡದವನು. ಇಡೀ ಪ್ರಾಂತ್ಯದಲ್ಲಿ ಈಗಲೂ ಇರುವುದು ಸುಮಾರು 5 ಲಕ್ಷ ಜನ. ಇಷ್ಟು ಸಣ್ಣ ಜಾಗದಲ್ಲಿ ಅಷ್ಟು ಹುಡುಗರು ಒಂದೇ ಬೆಳಿಗ್ಗೆ ಹೋದರೆ ಯಾವ ಊರೂ ಉಳಿಯುವುದಿಲ್ಲ.

ಇನ್ನೊಂದು ಮಾತನ್ನು ನೆನಪಿಟ್ಟುಕೊಂಡೇ ಆ ಫೋಟೋಗಳನ್ನು ನೋಡಬೇಕು. ಆ ಹುಡುಗರು ಕೆನಡಾದವರಲ್ಲ. ಆಗ ನ್ಯೂಫೌಂಡ್‌ಲ್ಯಾಂಡ್ ಕೆನಡಾದ ಹಾಗೆಯೇ ಬ್ರಿಟಿಷ್ ಸಾಮ್ರಾಜ್ಯದ ಇನ್ನೊಂದು ಡೊಮಿನಿಯನ್. ತನ್ನದೇ ಪ್ರಧಾನಿ, ತನ್ನದೇ ಸೈನ್ಯ, ತನ್ನದೇ ಅಂಚೆಚೀಟಿ. ಯುದ್ಧದ ಸಾಲ, ರೈಲು ಹಾಕಿದ ಸಾಲ, ಆಮೇಲೆ ಬಂದ ಜಾಗತಿಕ ಆರ್ಥಿಕ ಕುಸಿತ ಎಲ್ಲ ಸೇರಿ ಆ ದೇಶದ ಸೊಂಟ ಮುರಿದವು. 1934ರಲ್ಲಿ ಸ್ವಂತ ಆಡಳಿತವನ್ನೇ ಬಿಟ್ಟುಕೊಟ್ಟು, ಲಂಡನ್ನಿನಿಂದ ನೇಮಕವಾದ ಕಮಿಷನ್ನಿನ ಕೈಗೆ ಹೋಯಿತು. 1948ರಲ್ಲಿ ಎರಡು ಸಲ ಜನಮತ ಕೇಳಿದರು. ಜೂನಿನಲ್ಲಿ ಯಾವ ಆಯ್ಕೆಗೂ ಬಹುಮತ ಸಿಗಲಿಲ್ಲ. ಜುಲೈ 22ರಂದು ಕೆನಡಾ ಸೇರೋಣ ಎಂದವರು 52.3%, ನಮ್ಮ ಆಡಳಿತ ನಮಗೇ ಬೇಕು ಎಂದವರು 47.7%. ಅಂತರ 7 ಸಾವಿರ ಮತಗಳಿಗೂ ಕಡಿಮೆ. ಸೇರೋಣ ಎಂದವರ ನಾಯಕ ಜೋಯಿ ಸ್ಮಾಲ್‌ವುಡ್ ಸೇರಿದರೆ ಮಕ್ಕಳ ಭತ್ಯೆ, ಪಿಂಚಣಿ ಸಿಗುತ್ತದೆ ಎಂದು ಹಳ್ಳಿ ಹಳ್ಳಿಗೆ ಹೇಳಿ ಗೆದ್ದರು. ಸೇಂಟ್ ಜಾನ್ಸ್ ಪಟ್ಟಣ ಮಾತ್ರ ಅವರ ಜೊತೆ ಬರಲಿಲ್ಲ. 1949ರ ಮಾರ್ಚ್ 31ರ ಮಧ್ಯರಾತ್ರಿಗೆ ಸ್ವಲ್ಪ ಮೊದಲು ನ್ಯೂಫೌಂಡ್‌ಲ್ಯಾಂಡ್ ಕೆನಡಾದ 10ನೇ ಪ್ರಾಂತ್ಯವಾಯಿತು. ಮರುದಿನ ಈ ಪಟ್ಟಣದ ಕೆಲವು ಮನೆಗಳ ಬಾಗಿಲಿಗೆ ಕಪ್ಪು ಬಟ್ಟೆ ಕಟ್ಟಿದ್ದರು.

ಕ್ಯುಬೆಕ್ ಬೇರೆಯಾಗಬೇಕೇ ಬೇಡವೇ ಎಂದು 1995ರಲ್ಲಿ ನಡೆದ ಮತದಾನದ ಕಥೆ ನಮ್ಮಲ್ಲೂ ಪೇಪರು ಓದುವವರಿಗೆ ಗೊತ್ತು. ಅಲ್ಲಿ ಕೇಳಿದ್ದು ಹೊರಗೆ ಹೋಗುವ ಪ್ರಶ್ನೆ. ಒಳಗೆ ಬರುವುದಕ್ಕೇ ಹೀಗೆ ಮನೆ ಎರಡಾದ ಜಾಗ ಇದು. ಹಾಗಾಗಿ ಇಲ್ಲಿಯ ಹಿರಿಯರ ಬಾಯಲ್ಲಿ 'ಕೆನಡಾ' ಎಂದರೆ ಒಮ್ಮೊಮ್ಮೆ ಇನ್ನೂ ಸಮುದ್ರದ ಆಚೆಯ ದೇಶ. ನನ್ನ ಜೊತೆ ಕೆಲಸ ಮಾಡುವ, ಬೊನವಿಸ್ಟಾ ಕಡೆಯ ಒಬ್ಬರು ಹೇಳುತ್ತಿದ್ದರು: "ನಮ್ಮಮ್ಮ ಹುಟ್ಟಿದ್ದು ಕೆನಡಾದಲ್ಲಲ್ಲ. ಮನೆ ಬಿಟ್ಟು ಎಲ್ಲಿಗೂ ಹೋಗಲಿಲ್ಲ, ಕೆನಡಾನೇ ಮನೆಗೆ ಬಂತು." ಅದೇ ಮನುಷ್ಯ ಹಾಕಿ ಮ್ಯಾಚಿದ್ದರೆ ಮೇಪಲ್ ಎಲೆಯ ಜರ್ಸಿ ಹಾಕಿಕೊಂಡು ಬರುತ್ತಾರೆ. ಎರಡೂ ಅವರ ಮಟ್ಟಿಗೆ ನಿಜ. ಮೊದಲು ಯಾವುದು ಎಂದು ಕೇಳಿದರೆ ಮಾತ್ರ ಅವರು ಯೋಚಿಸುವುದೇ ಇಲ್ಲ, ನ್ಯೂಫೌಂಡ್‌ಲ್ಯಾಂಡ್ ಎನ್ನುತ್ತಾರೆ.

ಜುಲೈ 1 ಕೆನಡಾ ಡೇ. ಉಳಿದ ಕೆನಡಾ ಬೆಳಿಗ್ಗೆಯಿಂದಲೇ ಹಬ್ಬ ಮಾಡುತ್ತದೆ. ಇಲ್ಲಿ ಬೆಳಿಗ್ಗೆ ಮೆಮೋರಿಯಲ್ ಡೇ. ಬಾವುಟ ಅರ್ಧಕ್ಕೆ ಇಳಿದಿರುತ್ತದೆ, ಜನ ಅಂಗಿಗೆ ನೀಲಿ ಫರ್ಗೆಟ್-ಮಿ-ನಾಟ್ ಹೂವು ಸಿಕ್ಕಿಸಿಕೊಂಡು ಯುದ್ಧ ಸ್ಮಾರಕದ ಹತ್ತಿರ ಸೇರುತ್ತಾರೆ. ಹಬ್ಬ ಏನಿದ್ದರೂ ಮಧ್ಯಾಹ್ನದ ಮೇಲೆ. ಶಿವಮೊಗ್ಗದಲ್ಲಿ ಹೈಸ್ಕೂಲು ಮೇಷ್ಟ್ರಾಗಿದ್ದ ನಮ್ಮಪ್ಪ ಆ ಸ್ಮಾರಕದ ಹೆಸರು ಕೇಳಿ, "ಪ್ರಾಂತ್ಯದ ರಾಜಧಾನಿಯಲ್ಲಿ ರಾಷ್ಟ್ರೀಯ ಸ್ಮಾರಕ ಅಂತ ಯಾಕಿದೆ?" ಎಂದು ಕೇಳಿದರು. 1924ರ ಜುಲೈ 1ರಂದು ಅನಾವರಣ ಆದಾಗ ಇದು ಒಂದು ರಾಷ್ಟ್ರದ ರಾಜಧಾನಿಯೇ ಆಗಿತ್ತು, ಅದಕ್ಕೆ. ಹೆಸರನ್ನು ಯಾರೂ ಬದಲಿಸಲಿಲ್ಲ. ಸರಿಯಾಗಿ ನೂರು ವರ್ಷಕ್ಕೆ, 2024ರ ಜುಲೈ 1ರಂದು, ಫ್ರಾನ್ಸಿನ ಮಣ್ಣಿನಲ್ಲಿದ್ದ ಒಬ್ಬ ಅಜ್ಞಾತ ನ್ಯೂಫೌಂಡ್‌ಲ್ಯಾಂಡ್ ಸೈನಿಕನನ್ನು ತಂದು ಅಲ್ಲೇ ಸಮಾಧಿ ಮಾಡಿದರು. ಒಟ್ಟಾವಾದಲ್ಲಿ ಕೆನಡಾದ ಅಜ್ಞಾತ ಸೈನಿಕನ ಸಮಾಧಿ ಆಗಲೇ ಇತ್ತು. ಆದರೂ ಇಲ್ಲಿಯವರಿಗೆ ತಮ್ಮವನೊಬ್ಬ ಬೇಕಿತ್ತು, ಕೆನಡಾ ಸರ್ಕಾರವೂ ಅದಕ್ಕೆ ಕೈಜೋಡಿಸಿತು. ನನಗೆ ಈ ದೇಶದ ಮೇಲೆ ಪ್ರೀತಿ ಹುಟ್ಟುವುದು ಇಂಥ ಕಡೆ.

ಅಪ್ಪ ಇನ್ನೊಂದು ಮಾತು ಹೇಳಿದರು. 1956ರ ಏಕೀಕರಣದ ಹೊತ್ತಿಗೆ ಹಳೇ ಮೈಸೂರಿನಲ್ಲೂ ಬೇಡ ಎಂದವರು ಇದ್ದರಂತೆ. ಆದರೆ ನಮ್ಮನ್ನು ಸೇರಿಸಿದ್ದು ಭಾಷೆ, ಆ ಬೇಸರ ಬೇಗ ಕರಗಿತು. ಇಲ್ಲಿ ಸೇರಿಸಿದ್ದು ಬಡತನ, ಅದಕ್ಕೇ ಇನ್ನೂ ನೋವಿದೆ ಎಂದರು. ನನಗೂ ಹೌದೆನಿಸಿತು.

ನೋವು ಆಗಾಗ ಮೇಲಕ್ಕೂ ಬರುತ್ತದೆ. ಸಮುದ್ರದಡಿಯ ಕಚ್ಚಾ ತೈಲದ ಆದಾಯದಲ್ಲಿ ಪಾಲಿಗಾಗಿ ಕೇಂದ್ರದ ಜೊತೆ ಜಗಳ ಜೋರಾಗಿ, 2004ರ ಡಿಸೆಂಬರಿನಲ್ಲಿ ಆಗಿನ ಪ್ರೀಮಿಯರ್ (ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ) ಡ್ಯಾನಿ ವಿಲಿಯಮ್ಸ್ ಪ್ರಾಂತ್ಯದ ಸರ್ಕಾರಿ ಕಟ್ಟಡಗಳಿಂದ ಕೆನಡಾದ ಬಾವುಟಗಳನ್ನೇ ಇಳಿಸಿಬಿಟ್ಟರು. ಜನವರಿಯಲ್ಲಿ ಮತ್ತೆ ಏರಿದವು, ಒಪ್ಪಂದವೂ ಆಯಿತು. ಅದೇ ವರ್ಷ ಈ ಮ್ಯೂಸಿಯಂ ಬಾಗಿಲು ತೆರೆಯಿತು. ಅದಕ್ಕೂ ಮೊದಲಿನದು ಕಾಡ್ ಮೀನಿನ ಗಾಯ. ಸೇರ್ಪಡೆಯೊಂದಿಗೆ ಮೀನುಗಾರಿಕೆಯ ಅಧಿಕಾರ ಒಟ್ಟಾವಾಕ್ಕೆ ಹೋಗಿತ್ತು. 1992ರ ಜುಲೈ 1ರಂದು ಬೇ ಬುಲ್ಸ್ ಎಂಬ ಬಂದರಿನಲ್ಲಿ ಸಿಟ್ಟಿನ ಮೀನುಗಾರರು ಕೇಂದ್ರದ ಮಂತ್ರಿ ಜಾನ್ ಕ್ರಾಸ್ಬಿಯನ್ನು ಸುತ್ತುವರಿದರು. ಮೀನು ತೀರಾ ಕಡಿಮೆಯಾಗಿದ್ದರಿಂದ ಮರುದಿನ ಮಂತ್ರಿ ಉತ್ತರದ ಕಾಡ್ ಮೀನು ಹಿಡಿಯುವುದನ್ನೇ ನಿಷೇಧಿಸಿದರು. ಸುಮಾರು 30 ಸಾವಿರ ಜನರ ಕೆಲಸ ಹೋಯಿತು. ಆ ಕ್ರಾಸ್ಬಿ ಕೂಡ ಇದೇ ಸೇಂಟ್ ಜಾನ್ಸಿನವರು, 1948ರಲ್ಲಿ ಕೆನಡಾ ಬೇಡ ಎಂದು ಹೋರಾಡಿದ ಚೆಸ್ಲಿ ಕ್ರಾಸ್ಬಿಯ ಮಗ. ಒಂದೇ ಮನೆಯಲ್ಲಿ ಇಡೀ ಕಥೆ ಇದೆ.

ಮೇಲಿನ ಅಂತಸ್ತಿನಲ್ಲಿ ಮೂಲನಿವಾಸಿಗಳ ಬದುಕಿನ ಪ್ರದರ್ಶನವಿದೆ: ಇನು, ಇನುಯಿಟ್, ಮಿಕ್ಮಾಕ್. ಅದನ್ನು ಓಡುತ್ತ ನೋಡಬೇಡಿ. ಪ್ರಾಂತ್ಯದ ಹೆಸರು 2001ರಲ್ಲಿ 'ನ್ಯೂಫೌಂಡ್‌ಲ್ಯಾಂಡ್ ಮತ್ತು ಲ್ಯಾಬ್ರಡಾರ್' ಎಂದಾಯಿತು. ಆದರೆ ಸಮುದ್ರದಾಚೆ ಮುಖ್ಯ ಭೂಭಾಗದಲ್ಲಿರುವ ಲ್ಯಾಬ್ರಡಾರಿನವರಿಗೆ 1974ರಿಂದಲೂ ತಮ್ಮದೇ ಬಾವುಟವಿದೆ. ಸೇಂಟ್ ಜಾನ್ಸಿಗೆ ಒಟ್ಟಾವಾ ಹೇಗೋ ಅವರಿಗೆ ಸೇಂಟ್ ಜಾನ್ಸ್ ಹಾಗೆ. ಅವರ ಬಗ್ಗೆ ಇನ್ನೂ ಎರಡು ಕೋಣೆ ಇದ್ದರೂ ನಾನು ಸಂತೋಷವಾಗಿ ನೋಡುತ್ತಿದ್ದೆ.

ಕೆಫೆಯಲ್ಲಿ ಕಿಟಕಿ ಪಕ್ಕದ ಟೇಬಲ್ಲಿಗೆ ಕಾಯ್ದಾದರೂ ಕೂರಿ. ಬಂದರು, ಹಡಗುಗಳು ಒಳಬರುವ ನ್ಯಾರೋಸ್ ಕಿರುದಾರಿ, ಅದರ ಮೇಲೆ ಸಿಗ್ನಲ್ ಹಿಲ್ ಎಲ್ಲ ಕಣ್ಣೆದುರೇ. ಅಮ್ಮ ಅಲ್ಲಿಂದಲೇ ಶಿವಮೊಗ್ಗಕ್ಕೆ ವಿಡಿಯೊ ಕಾಲ್ ಮಾಡಿ ಚಿಕ್ಕಮ್ಮನಿಗೆ ಹಡಗು ತೋರಿಸಿದರು. ಇಲ್ಲಿಯ ಗಡಿಯಾರ ನೋವಾ ಸ್ಕೋಶಿಯಾದಂಥ ಹತ್ತಿರದ ಪ್ರಾಂತ್ಯಗಳಿಗಿಂತ ಅರ್ಧ ಗಂಟೆ ಮುಂದೆ, ಹಾಗಾಗಿ ಭಾರತದ ಜೊತೆ ಲೆಕ್ಕ ಸುಲಭ: ಚಳಿಗಾಲದಲ್ಲಿ ಸರಿಯಾಗಿ 9 ಗಂಟೆ, ಬೇಸಿಗೆಯಲ್ಲಿ 8.

ಹೋಗುವವರು ಮೂರು ಗಂಟೆಯಾದರೂ ಇಟ್ಟುಕೊಳ್ಳಿ. ಪೇಟೆಯಿಂದ ಏರು ಕಡಿದಾಗಿದೆ, ಮಂಡಿ ನೋವಿದ್ದವರು ಟ್ಯಾಕ್ಸಿ ಹಿಡಿಯುವುದು ಒಳ್ಳೆಯದು. ಜುಲೈಯಲ್ಲೂ ಗಾಳಿಗೆ ಜಾಕೆಟ್ ಬೇಕು. ಮೆಮೋರಿಯಲ್ ಯೂನಿವರ್ಸಿಟಿಗೆ ಬರುತ್ತಿರುವ ನಮ್ಮ ಹುಡುಗ ಹುಡುಗಿಯರು ಕ್ಲಾಸು ಶುರುವಾಗುವ ಮೊದಲೇ ಒಮ್ಮೆ ಇಲ್ಲಿಗೆ ಬನ್ನಿ. ಆ ಯೂನಿವರ್ಸಿಟಿಯ ಹೆಸರಿನಲ್ಲಿರುವ ಸ್ಮರಣೆಯೂ ಆ ಯುದ್ಧದಲ್ಲಿ ಸತ್ತವರದ್ದೇ. ಜುಲೈ 1ಕ್ಕೆ ಇಲ್ಲಿರುವವರು ಬೆಳಿಗ್ಗೆ ಡಕ್‌ವರ್ತ್ ಬೀದಿಯ ಕೆಳಗಿನ ಸ್ಮಾರಕಕ್ಕೆ ಹೋಗಿ ಬನ್ನಿ, ಕೆಂಪು ಬಿಳಿ ಟೀ ಶರ್ಟು ಮಧ್ಯಾಹ್ನಕ್ಕಿರಲಿ.