ತೋರಿಸಿದ್ದು ಒಂದು, ಬ್ಯಾಗಿಗೆ ಹಾಕಿದ್ದು ಇನ್ನೊಂದು: ಹಳೇ ಲ್ಯಾಪ್‌ಟಾಪ್ ತಗೊಳ್ಳೋರು ದಯವಿಟ್ಟು ಓದಿ

ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ರೀಫರ್ಬಿಶ್ಡ್, ಅಂದ್ರೆ ಸರಿಮಾಡಿ ಮತ್ತೆ ಮಾರೋ ಹಳೇ ಲ್ಯಾಪ್‌ಟಾಪ್ ತರೋಣ ಅಂತ ಯಾರಾದ್ರೂ ಹೊರಟಿದ್ರೆ, ಇದನ್ನ ಓದಿ ಆಮೇಲೆ ಬಸ್ ಹತ್ತಿ. ಅಂಗಡಿಯವನು ನಿಮ್ಮ ಕಣ್ಣೆದುರು ಆನ್ ಮಾಡಿ ತೋರಿಸಿದ ಮೆಷಿನ್ನೇ ನಿಮ್ಮ ಕೈಗೆ ಬರುತ್ತೆ ಅಂತ ನಂಬಬೇಡಿ. ನಂಬಲೇಬೇಡಿ. 19,500 ರೂಪಾಯಿ ಎಣಿಸಿ ಕೊಟ್ಟು ಬಂದವನು ನಾನು. ಸಿಟ್ಟು ಇನ್ನೂ ಇಳಿದಿಲ್ಲ, ಬರೆದಿದ್ದು ಹಿಂದೆ ಮುಂದೆ ಆಗಿದ್ರೆ ಸಹಿಸ್ಕೊಳ್ಳಿ.

ಮಗಳು ಬಿ.ಕಾಂ. ಓದ್ತಿದ್ದಾಳೆ. ತಿಪಟೂರಿಂದ ತುಮಕೂರಿಗೆ ದಿನಾ ರೈಲಲ್ಲಿ ಓಡಾಟ. ಟ್ಯಾಲಿ, ಎಕ್ಸೆಲ್, ನುಡಿಯಲ್ಲಿ ಕನ್ನಡ ಟೈಪಿಂಗ್, ಒಂದಷ್ಟು ವಿಡಿಯೋ ಪಾಠ, ಇಷ್ಟೇ ಕೆಲಸ. ಹಗುರ ಇರಬೇಕು, ರಶ್ಶಲ್ಲಿ ನೂಕಾಟ ಆದ್ರೂ ತಡ್ಕೋಬೇಕು, ಕೋರ್ಸ್ ಮುಗಿಯೋವರೆಗಾದ್ರೂ ಬಾಳಿಕೆ ಬರಬೇಕು. ಮೊದಲು ಶೋರೂಮಲ್ಲೇ ಹೊಸದು ನೋಡಿದ್ವಿ. ನಮ್ಮ ಬಜೆಟ್ಟಿಗೆ ಸಿಗೋದು ಸೆಲೆರಾನ್ ಪ್ರೊಸೆಸರ್, 4 ಜಿಬಿ ರ‍್ಯಾಮ್, 64 ಜಿಬಿ ಇಎಂಎಂಸಿ (ಫೈಲುಗಳು ಉಳಿಯೋ ಚಿಪ್ಪು). ಆ ಇಎಂಎಂಸಿ ಬೋರ್ಡಿಗೇ ಬೆಸುಗೆ ಆಗಿರುತ್ತೆ, ಬಿಚ್ಚಿ ದೊಡ್ಡದು ಹಾಕೋಕೆ ಆಗಲ್ಲ. ವಿಂಡೋಸ್ ಅರ್ಧ ಜಾಗ ತಿಂದ್ಮೇಲೆ ಅಪ್‌ಡೇಟಿಗೂ ಜಾಗ ಸಾಲಲ್ಲ. ಅದಕ್ಕಿಂತ ಕಂಪನಿಗಳಲ್ಲಿ ಲೀಸ್ ಮುಗಿದು ಬರೋ ಆಫೀಸ್ ಲ್ಯಾಪ್‌ಟಾಪ್ ಎಷ್ಟೋ ಗಟ್ಟಿ. ಇದನ್ನ ಈಗಲೂ ಹೇಳ್ತೀನಿ. ಡೆಲ್ ಲ್ಯಾಟಿಟ್ಯೂಡ್ 7290 ಅಂತ ನಾವು ಆರಿಸಿದ್ದು ಸರಿಯಾಗೇ ಇತ್ತು. 12.5 ಇಂಚು ಸ್ಕ್ರೀನ್, ತೂಕ ಒಂದೂಕಾಲು ಕೆ.ಜಿ. ಆಸುಪಾಸು, ರ‍್ಯಾಮು, ಎಸ್‌ಎಸ್‌ಡಿ ಎರಡೂ ಬಿಚ್ಚಿ ಬದಲಾಯಿಸಬಹುದು. ಎಲ್ಲಕ್ಕಿಂತ ಮುಖ್ಯ, ಇಂಟೆಲ್ ಕಂಪನಿಯ 8ನೇ ಜನರೇಷನ್ (ತಲೆಮಾರಿನ) ಐ5 ಪ್ರೊಸೆಸರ್.

ಈ 8ನೇ ಜನರೇಷನ್ ಯಾಕೆ ಅಂದ್ರೆ, ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗೀತು. ವಿಂಡೋಸ್ 11 ಅಧಿಕೃತವಾಗಿ ನಡೆಯೋದು ಇಂಟೆಲ್‌ನಲ್ಲಿ ಹೆಚ್ಚುಕಮ್ಮಿ 8ನೇ ಜನರೇಷನ್ನಿಂದ ಈಚೆಗೆ. ಹಾಗಾಗಿ 6ನೇ, 7ನೇ ಜನರೇಷನ್ ಮೆಷಿನ್ನುಗಳ ರೇಟು ಬಿದ್ದಿದೆ, 8ರದ್ದು ನಿಂತಿದೆ. ಮೋಸ ನಡೀತಿರೋದೂ ಇದೇ ಜಾಗದಲ್ಲಿ. ಹಳೇ ಜನರೇಷನ್ನಿನ ಲ್ಯಾಟಿಟ್ಯೂಡ್ 7280, ನಾವು ಆರಿಸಿದ 7290 ಎರಡನ್ನೂ ಪಕ್ಕಪಕ್ಕ ಇಟ್ರೆ ಅವಳಿಜವಳಿ ಥರ. ಮುಚ್ಚಿಟ್ರೆ ಯಾವುದು ಯಾವುದು ಅಂತ ಯಾರಿಗೂ ತಿಳಿಯಲ್ಲ.

ಅಂಗಡೀಲಿ ಆಗಿದ್ದಿಷ್ಟು. ಕೌಂಟರ್ ಮೇಲೆ ಒಂದು 7290 ಆನ್ ಮಾಡಿ ಇಟ್ಟಿದ್ದ. ಸಿಸ್ಟಮ್ ಪೇಜ್ ತೆಗೆಸಿದೆ, ಐ5-8350ಯು ಅಂತ ಇತ್ತು. ಮಗಳು ಕೀಬೋರ್ಡ್ ಒತ್ತಿ ನೋಡಿದಳು, ಕ್ಯಾಮೆರಾ ನೋಡಿದಳು, ಹಿಂಜ್ ಅಲ್ಲಾಡಿಸಿ ನೋಡಿದಳು. ಎಲ್ಲಾ ಸರಿ ಇತ್ತು. ರೇಟು ಮಾತಾಡಿ ಮುಗಿಸಿದ್ವಿ. ದುಡ್ಡು ಕೊಟ್ಟಮೇಲೆ ಅವನು ಹೇಳಿದ್ದು: “ಸಾರ್, ಇದು ಡಿಸ್‌ಪ್ಲೇ ಪೀಸು, ದಿನಾ ನೂರು ಜನ ಮುಟ್ಟಿರ್ತಾರೆ. ಪಾಪ ಓದೋ ಮಗು, ಒಳಗಿಂದ ಫ್ರೆಶ್ ಪೀಸ್ ಕೊಡ್ತೀನಿ, ಎ ಗ್ರೇಡು.” ಹುಡುಗ ಒಬ್ಬ ಮೆಟ್ಟಿಲು ಹತ್ತಿ ಹೋಗಿ ಇನ್ನೊಂದು ತಂದ. ಥಳಥಳ ಅಂತಿತ್ತು. ಮೇಲೆ 8ನೇ ಜನರೇಷನ್ ಸ್ಟಿಕ್ಕರು, ಅಡಿಯಲ್ಲಿ 7290 ಅಂತ ಲೇಬಲ್ಲು. ಆನ್ ಮಾಡಿ ವಿಂಡೋಸ್ 11 ಬಂದಿದ್ದನ್ನ ತೋರಿಸಿದ, ಬ್ಯಾಗಿಗೆ ಹಾಕಿದ, ಮೌಸ್ ಒಂದು ಫ್ರೀ ಅಂದ. “ಜಿಎಸ್‌ಟಿ ಬಿಲ್ ಬೇಕಂದ್ರೆ 18 ಪರ್ಸೆಂಟ್ ಮೇಲೆ ಬೀಳುತ್ತೆ ಸಾರ್” ಅಂತ ಕೈಬರಹದ ಬಿಲ್ ಕೊಟ್ಟ. ಅದರಲ್ಲಿ “ಲ್ಯಾಪ್‌ಟಾಪ್ 1” ಅಂತ ಬಿಟ್ರೆ ಮಾಡೆಲ್ಲೂ ಇಲ್ಲ, ಸೀರಿಯಲ್ ನಂಬರೂ ಇಲ್ಲ. ಕೆಳಗೆ “ಮಾರಿದ ಮಾಲು ವಾಪಸ್ ಇಲ್ಲ” ಅಂತ ಸೀಲು.

ಮನೇಲಿ ಚಾರ್ಜರ್ ತೆಗೆದ್ರೆ ಒಂದು ಕ್ಲಾಸ್ ಮುಗಿಯೋದ್ರೊಳಗೆ ಆಫ್. ಮೀಟಿಂಗ್ ಹಾಕಿ ಎಕ್ಸೆಲ್ ತೆಗೆದ್ರೆ ಫ್ಯಾನ್ ಕಿರುಚಾಟ. ಹಳೇ ಬ್ಯಾಟರಿ ಇರಬೇಕು ಅಂದ್ಕೊಂಡು ನಮ್ಮೂರ ಕಂಪ್ಯೂಟರ್ ರಿಪೇರಿ ಹುಡುಗನ ಹತ್ರ ಒಯ್ದೆ. ಅವನು ವಿಂಡೋಸ್ ತೆಗೀಲೇ ಇಲ್ಲ. ಆನ್ ಮಾಡ್ತಾ ಎಫ್2 ಒತ್ತಿ ಬಯೋಸ್, ಅಂದ್ರೆ ವಿಂಡೋಸ್‌ಗೂ ಮುಂಚೆ ತೆರೆಯೋ ಮೆಷಿನ್ನಿನ ಸ್ವಂತ ಸೆಟ್ಟಿಂಗ್ ಪುಟದ, ಒಳಗೆ ಹೋದ. ಸುಮ್ಮನೆ ಸ್ಕ್ರೀನನ್ನ ನನ್ನ ಕಡೆ ತಿರುಗಿಸಿದ. ಲ್ಯಾಟಿಟ್ಯೂಡ್ 7280. ಐ5-7300ಯು. ಕೋರ್ ಕೌಂಟ್ (ಪ್ರೊಸೆಸರ್ ಒಳಗೆ ಕೆಲಸ ಮಾಡೋ ಘಟಕಗಳ ಲೆಕ್ಕ) 2. ನಾವು ದುಡ್ಡು ಕೊಟ್ಟಿದ್ದು ನಾಲ್ಕು ಕೋರಿಗೆ! ಆಮೇಲೆ ಮೆಷಿನ್ ಮಗುಚಿ ಅಡಿ ಲೇಬಲ್ಲಿನ ಮೂಲೆಗೆ ಉಗುರು ಹಾಕಿದ. ಸಲೀಸಾಗಿ ಎದ್ದು ಬಂತು. ಕೆಳಗೆ ಹಳೇ ಲೇಬಲ್ ಕೆರೆದ ಗುರುತು, ಒಣಗಿದ ಗೋಂದು. ಲೇಬಲ್ಲಲ್ಲಿದ್ದ ಸರ್ವಿಸ್ ಟ್ಯಾಗ್ (ಪ್ರತಿ ಮೆಷಿನ್ನಿಗೂ ಡೆಲ್ ಕೊಡೋ ಗುರುತಿನ ನಂಬರು) ಒಂದು, ಬಯೋಸ್ ತೋರಿಸ್ತಿರೋ ಸರ್ವಿಸ್ ಟ್ಯಾಗ್ ಇನ್ನೊಂದು. ಏಳು ಅಕ್ಷರದಲ್ಲಿ ಒಂದೂ ಹೊಂದಲ್ಲ. ಎರಡನ್ನೂ ಡೆಲ್ ಸಪೋರ್ಟ್ ಪುಟದಲ್ಲಿ ಹಾಕಿದ, ಎರಡು ಬೇರೆ ಬೇರೆ ಮೆಷಿನ್ ಬಂತು. ಯಾವುದೋ ಕೆಟ್ಟ 7290ರ ಲೇಬಲ್ ಕಿತ್ತು ನಮ್ಮದಕ್ಕೆ ಅಂಟಿಸಿದ್ದಾರೆ. ಬ್ಯಾಟರಿ ರಿಪೋರ್ಟ್ ತೆಗೆದ: ಹೊಸದಾಗಿದ್ದಾಗ 60,000 ಮಿಲಿವಾಟ್ ಅವರ್, ಈಗ ತುಂಬೋದು 21,000 ಚಿಲ್ಲರೆ. ಮಗಳು ಪಕ್ಕದಲ್ಲೇ ನಿಂತಿದ್ದಳು. “ಬಿಡಪ್ಪಾ, ಇದ್ರಲ್ಲೇ ಓದ್ಕೋತೀನಿ” ಅಂದಳು. ಅವಳ ಮುಖ ನೋಡೋಕೆ ನನ್ನ ಕೈಲಿ ಆಗ್ಲಿಲ್ಲ.

ಅಂಗಡಿಯವನಿಗೆ ಫೋನ್ ಮಾಡಿದೆ. ಮೊದಲು ನಯವಾಗಿ, “ಐ5 ಅಂದ್ರೆ ಐ5 ಸಾರ್, ಓಡ್ತಿದೆ ತಾನೆ?” 7280 ಅಂತ ಬಯೋಸಲ್ಲಿದೆ ಅಂದೆ. “ಬಯೋಸ್ ಎಲ್ಲಾ ಹಾಗೆ ತೋರಿಸುತ್ತೆ ಸಾರ್, ಅಪ್‌ಡೇಟ್ ಮಾಡಿದ್ರೆ ಸರಿ ಹೋಗುತ್ತೆ.” ಬಯೋಸ್ ಅಪ್‌ಡೇಟ್ ಮಾಡಿದ್ರೆ ಎರಡು ಕೋರ್ ನಾಲ್ಕಾಗುತ್ತಂತೆ! ಲೇಬಲ್ ಫೋಟೋ ವಾಟ್ಸಾಪಲ್ಲಿ ಕಳಿಸಿದೆ. ನೋಡಿದ, ಉತ್ತರ ಇಲ್ಲ. ಆಮೇಲೆ ಬಂದಿದ್ದು, “ನಿಮ್ಮೂರಲ್ಲಿ ಬಿಚ್ಚಿಸಿದ್ದೀರಾ, ಅಲ್ಲೇ ಬದಲಾಯಿಸಿದ್ದಾರೆ, ನಮಗೆ ಸಂಬಂಧ ಇಲ್ಲ.”

ಮತ್ತೆ ಬೆಂಗಳೂರಿಗೆ ಹೋದೆ. ಕೌಂಟರಲ್ಲಿ ಬೇರೆ ಗಿರಾಕಿಗಳಿದ್ರು. ಅವರ ಎದುರೇ, “ಪಾಪ, ಇವ್ರಿಗೆ ಕಂಪ್ಯೂಟರ್ ಬಗ್ಗೆ ಗೊತ್ತಿಲ್ಲ, ಯಾರೋ ತಲೆ ಕೆಡಿಸಿದ್ದಾರೆ” ಅಂದ. ಅವಮಾನಕ್ಕೆ ಮೈ ಉರಿದುಹೋಯ್ತು. ನಮ್ಮ ಬಿಲ್ ತೋರಿಸಿದ್ರೆ, “ಇದ್ರಲ್ಲಿ 7290 ಅಂತ ಎಲ್ಲಿದೆ ತೋರಿಸ್ರೀ” ಅಂತ ಕೇಳಿದ. ಬಿಲ್ಲಲ್ಲಿ ಮಾಡೆಲ್ ಯಾಕೆ ಬರೀಲಿಲ್ಲ ಅಂತ ಆಗ ಅರ್ಥ ಆಯ್ತು. ಕೊನೆಗೆ, “ಬೇಕಿದ್ರೆ 6,000ಕ್ಕೆ ವಾಪಸ್ ತಗೋತೀನಿ.” ಅಲ್ರೀ, 19,500ಕ್ಕೆ ಕೊಟ್ಟಿದ್ದನ್ನ!

ಆ ಬೀದೀಲಿ ನ್ಯಾಯವಾಗಿ ವ್ಯಾಪಾರ ಮಾಡೋರೂ ಇದ್ದಾರೆ. ಅದೇ ದಿನ ಎದುರುಗಡೆ ಅಂಗಡಿಯವರು ನಮ್ಮ ಮೆಷಿನ್ ನೋಡಿ “ಇದು 7280, ಜಾಸ್ತಿ ಕೊಟ್ಟಿದ್ದೀರಿ” ಅಂತ ನೇರವಾಗಿ ಹೇಳಿದ್ರು. ಅಂಥವರ ಹೆಸರನ್ನೂ ಇವನು ಹಾಳು ಮಾಡ್ತಿದ್ದಾನೆ.

ನೀವು ಹೋದ್ರೆ ಇಷ್ಟು ಮಾಡಿ. ಒಳಗಿಂದ ಯಾವ ಪೀಸನ್ನೂ ತರಿಸಬೇಡಿ, ನೋಡಿದ್ದನ್ನೇ ಕೈಯಿಂದ ಬಿಡದೆ ತನ್ನಿ. ದುಡ್ಡು ಕೊಡೋ ಮುಂಚೆ ಎಫ್2 ಒತ್ತಿಸಿ, ಬಯೋಸಲ್ಲಿರೋ ಸರ್ವಿಸ್ ಟ್ಯಾಗು, ಅಡಿ ಲೇಬಲ್ಲು ಒಂದೇನಾ ನೋಡಿ. ಲೆನೊವೊ ಥಿಂಕ್‌ಪ್ಯಾಡ್ ಆದ್ರೆ ಎಫ್1. ಬಯೋಸ್ ತೆರೆಯೋಕೆ ಪಾಸ್‌ವರ್ಡ್ ಕೇಳಿದ್ರೆ ಆ ಮೆಷಿನ್ ಅಲ್ಲೇ ಇಟ್ಟು ಬನ್ನಿ. ವಿಂಡೋಸ್ 11 ಓಡ್ತಿದೆ ಅನ್ನೋದು ಏನನ್ನೂ ತೋರಿಸಲ್ಲ, ಹಳೇ ಪ್ರೊಸೆಸರಲ್ಲೂ ಅಡ್ಡದಾರಿ ಹಿಡಿದು ಹಾಕ್ತಾರೆ. ಬಿಲ್ಲಲ್ಲಿ ಮಾಡೆಲ್, ಪ್ರೊಸೆಸರ್, ಸರ್ವಿಸ್ ಟ್ಯಾಗ್ ಮೂರೂ ಬರೆಸಿ. ಬರೆಯೋಕೆ ಹಿಂದೆ ಮುಂದೆ ನೋಡಿದ್ರೆ ಎದ್ದು ಬನ್ನಿ.

ಇನ್ನು ಆ “ವಾಪಸ್ ಇಲ್ಲ” ಸೀಲಿನ ವಿಷಯ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ, ದೋಷ ಇರೋ ಮಾಲನ್ನ ಬಿಲ್ಲಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಬರೆಯದಿದ್ರೆ 30 ದಿನದೊಳಗೆ, ವಾಪಸ್ ತಗೊಂಡು ದುಡ್ಡು ಕೊಡದೇ ಇರೋದು ಅನುಚಿತ ವ್ಯಾಪಾರ ಪದ್ಧತಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿದ್ದೀನಿ. ಅದನ್ನ ಹೇಳಿದ್ದಕ್ಕೆ ಅವನು ಕೊಟ್ಟ ಉತ್ತರ, “ಕೇಸ್ ಹಾಕ್ರೀ, ತಿಪಟೂರಿಂದ ಎಷ್ಟು ಸಲ ಬಂದು ಹೋಗ್ತೀರೋ ನೋಡೋಣ.” ಬರಬೇಕಾಗಿಲ್ಲ. ಗಿರಾಕಿ ವಾಸ ಇರೋ ಜಿಲ್ಲೆಯಲ್ಲೇ ದೂರು ಕೊಡಬಹುದು ಅಂತ ಅದೇ ಕಾಯ್ದೆಯಲ್ಲಿದೆ, 5 ಲಕ್ಷದವರೆಗಿನ ಖರೀದಿಗೆ ಶುಲ್ಕವೂ ಇಲ್ಲ. ತುಮಕೂರು ಜಿಲ್ಲಾ ಗ್ರಾಹಕರ ಆಯೋಗಕ್ಕೆ ಅರ್ಜಿ ಬರೆದಾಗಿದೆ, ಕಿತ್ತ ಲೇಬಲ್ಲನ್ನ ಅದಕ್ಕೇ ಪಿನ್ ಮಾಡಿಟ್ಟಿದ್ದೀನಿ. ಇನ್ನು ಅವನೇ ತುಮಕೂರಿಗೆ ಬರಲಿ.